27 ಡಿಗ್ರಿಯಲ್ಲಿ ಎಲ್ಲವೂ ಸರಿಯಾಗಿತ್ತು

ಮೇ ತಿಂಗಳ ಮಧ್ಯಾಹ್ನ, ಕಲಬುರಗಿ. ಮನೆಯಲ್ಲಿ ಕರೆಂಟ್ ಇಲ್ಲ. ಇನ್ವರ್ಟರ್ ಮೇಲೆ ಒಂದು ಫ್ಯಾನು, ಒಂದು ಲ್ಯಾಪ್‌ಟಾಪು. ಹೊರಗೆ 43 ಡಿಗ್ರಿ. ಫೋನ್ ಪರದೆಯ ಒಂದು ಚುಕ್ಕಿಯ, ಅಂದರೆ ಪಿಕ್ಸೆಲ್‌ನ, ಸರ್ಕ್ಯೂಟ್ ಮೇಲಿನ ನನ್ನ ಸಿಮ್ಯುಲೇಶನ್ ಮುಗಿದು ಗ್ರಾಫ್ ಬಂತು. ಗೆರೆ ಶಹಾಬಾದ್ ಕಲ್ಲಿನ ಹಾಸಿನ ಹಾಗೆ ಸಪಾಟಾಗಿತ್ತು. ಒಂದು ಫ್ರೇಮ್ ಪೂರ್ತಿ, ಅಂದರೆ ಪರದೆ ಮೇಲೆ ಒಂದು ಚಿತ್ರ ನಿಲ್ಲುವಷ್ಟು ಹೊತ್ತು, ಪಿಕ್ಸೆಲ್‌ನ ಕರೆಂಟ್ ಅಲುಗಾಡಿಲ್ಲ! ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದೆ.

ಬಂದು ನೋಡಿದರೆ ಫೈಲ್‌ನಲ್ಲಿ ಟೆಂಪರೇಚರ್ ಅಂತ ನಾನು ಏನನ್ನೂ ಬರೆದೇ ಇರಲಿಲ್ಲ. ನಾವು ಹೇಳದಿದ್ದರೆ ಸ್ಪೈಸ್, ಅಂದರೆ ಈ ಸಿಮ್ಯುಲೇಶನ್ ಓಡಿಸುವ ಸಾಫ್ಟ್‌ವೇರ್, ಸುಮ್ನೆ 27 ಡಿಗ್ರಿ ಅಂತ ಹಿಡಿದುಕೊಳ್ಳುತ್ತದೆ. ನಮ್ಮೂರಲ್ಲಿ ಮೇ ತಿಂಗಳಲ್ಲಿ 27 ಡಿಗ್ರಿ ಬೇಕೆಂದರೆ ಬೆಳಗಿನ ಜಾವ ಮಾಳಿಗೆ ಮೇಲೆ ಮಲಗಬೇಕು. ಆಗಲೂ ಸಿಕ್ಕೇ ಸಿಗುತ್ತದೆ ಅಂತಿಲ್ಲ.

ನನ್ನ ಕೆಲಸ ಏನು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವ್ವ ಕೇಳಿದವರಿಗೆಲ್ಲ 'ಮೊಬೈಲಿಂದು' ಅಂತಾಳೆ. ತಪ್ಪೇನಲ್ಲ. ಓಎಲ್‌ಇಡಿ ಪರದೆಯ ಒಂದೊಂದು ಚುಕ್ಕಿಯ ಹಿಂದೆ ಇರುವ ಪುಟ್ಟ ಸರ್ಕ್ಯೂಟ್ ಬಿಡಿಸುವುದು ನನ್ನ ಕೆಲಸ. ಎಲ್‌ಸಿಡಿಯಲ್ಲಿ ಹಿಂದೆ ಒಂದು ದೀಪ ಇರುತ್ತದೆ, ಮುಂದಿನ ಚುಕ್ಕಿಗಳು ಬರೀ ಬಾಗಿಲು ತೆರೆದು ಮುಚ್ಚುತ್ತವೆ. ಓಎಲ್‌ಇಡಿಯಲ್ಲಿ ಚುಕ್ಕಿಯೇ ದೀಪ. ಎಷ್ಟು ಕರೆಂಟ್ ಹರಿಯಿತೋ ಅಷ್ಟು ಬೆಳಕು. ಹಾಗಾಗಿ ಲಕ್ಷಾಂತರ ಚುಕ್ಕಿಗಳಿಗೆ ಅಳೆದು ತೂಗಿ ಕರೆಂಟ್ ಕೊಡಬೇಕು.

ಸರಳವಾದ ಪಿಕ್ಸೆಲ್‌ಗೆ ಎರಡು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸಾಕು. ಒಂದು ಟ್ರಾನ್ಸಿಸ್ಟರ್ ಬಾಗಿಲು. ಅದು ತೆರೆದಾಗ ಬಂದ ವೋಲ್ಟೇಜನ್ನು ಕೆಪಾಸಿಟರ್ ಹಿಡಿದಿಟ್ಟುಕೊಳ್ಳುತ್ತದೆ. ಆ ವೋಲ್ಟೇಜ್ ನೋಡಿ ಎರಡನೆಯ ಟ್ರಾನ್ಸಿಸ್ಟರ್ ದೀಪಕ್ಕೆ ಕರೆಂಟ್ ಬಿಡುತ್ತದೆ. ಕಾಗದದ ಮೇಲೆ ಚೆಂದ. ಆದರೆ ಪ್ರತಿ ಟ್ರಾನ್ಸಿಸ್ಟರ್‌ಗೂ ಒಂದು ಥ್ರೆಶೋಲ್ಡ್ ಇರುತ್ತದೆ, ಅಂದರೆ ಇಷ್ಟು ವೋಲ್ಟೇಜ್ ದಾಟಿದ ಮೇಲೇ ಎಚ್ಚರ ಆಗುವುದು ಅಂತ. ಗಾಜಿನ ಮೇಲೆ ಸಿಲಿಕಾನ್ ಪದರ ಹಾಸಿ, ಲೇಸರ್‌ನಿಂದ ಕಾಯಿಸಿ ಹರಳು ಮಾಡುವಾಗ ಎಲ್ಲಿ ಎಷ್ಟು ದೊಡ್ಡ ಹರಳು ಬಂತು ಅಂತ ಯಾರ ಕೈಯಲ್ಲೂ ಇಲ್ಲ. ಒಂದೇ ಗಾಜು, ಒಂದೇ ದಿನ ಮಾಡಿದ್ದು, ಆದರೂ ಪಕ್ಕಪಕ್ಕದ ಟ್ರಾನ್ಸಿಸ್ಟರ್‌ಗಳ ಥ್ರೆಶೋಲ್ಡ್ ಬೇರೆ ಬೇರೆ.

ಲೆಕ್ಕ ನೋಡಿ. ಥ್ರೆಶೋಲ್ಡ್ ದಾಟಿ ಎಷ್ಟು ವೋಲ್ಟೇಜ್ ಉಳಿಯಿತೋ ಅದರ ವರ್ಗಕ್ಕೆ ತಕ್ಕಂತೆ ಕರೆಂಟ್. 1 ವೋಲ್ಟ್ ಉಳಿಯಬೇಕಾದ ಕಡೆ ಥ್ರೆಶೋಲ್ಡ್ 0.1 ವೋಲ್ಟ್ ಜಾಸ್ತಿ ಇದ್ದರೆ ಉಳಿಯುವುದು 0.9. ಅದರ ವರ್ಗ 0.81. ಅಂದರೆ ಬೆಳಕು ಶೇಕಡಾ 19 ಕಡಿಮೆ. ಪರದೆ ಮಬ್ಬು ಮಾಡಿ 0.3 ವೋಲ್ಟ್ ಮಾತ್ರ ಉಳಿಸಿದರೆ ಅದೇ 0.1 ವೋಲ್ಟ್ ತಪ್ಪಿಗೆ ಅರ್ಧಕ್ಕಿಂತ ಜಾಸ್ತಿ ಬೆಳಕು ಹೋಗುತ್ತದೆ. ರಾತ್ರಿ ಲೈಟ್ ಆರಿಸಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಬರೀ ಬೂದು ಬಣ್ಣದ ಚಿತ್ರ ತೆರೆದು ನೋಡಿ. ಅವ್ವನ ಹಳೇ ಫೋನಿನಲ್ಲಿ ನೋಡಿದೆ, ಸರಿಯಾಗಿ ಸಾರಿಸದ ನೆಲದ ಹಾಗೆ ಪಟ್ಟೆಪಟ್ಟೆ ಕಂಡಿತು. ಅವ್ವನಿಗೆ ಮಾತ್ರ ಏನೂ ಕಾಣಲಿಲ್ಲ, ಒಳ್ಳೆಯದೇ ಆಯಿತು.

ಇದಕ್ಕೆ ಮದ್ದು ಹೊಸದಲ್ಲ. 1998ರಲ್ಲೇ ಡಾಸನ್ ಎಂಬ ಸಂಶೋಧಕ ಮತ್ತು ಜೊತೆಗಾರರು ನಾಲ್ಕು ಟ್ರಾನ್ಸಿಸ್ಟರ್‌ನ ಪಿಕ್ಸೆಲ್ ತೋರಿಸಿದ್ದರು. ಈಗ ಫೋನುಗಳಲ್ಲಿ ಏಳು ಟ್ರಾನ್ಸಿಸ್ಟರ್ ಸಾಮಾನ್ಯ. ಉಪಾಯ ಇಷ್ಟೇ: ಪ್ರತಿ ಫ್ರೇಮ್‌ನಲ್ಲೂ, ದೀಪ ಹಚ್ಚುವ ಮುಂಚೆ, ಕರೆಂಟ್ ಬಿಡುವ ಟ್ರಾನ್ಸಿಸ್ಟರ್‌ನ ಗೇಟು (ವೋಲ್ಟೇಜ್ ನೋಡುವ ಕಾಲು) ಮತ್ತು ಡ್ರೇನು (ಕರೆಂಟ್ ಹೊರಬರುವ ಕಾಲು) ಎರಡನ್ನೂ ಜೋಡಿಸಿಬಿಡುವುದು. ಅದು ತನ್ನ ಥ್ರೆಶೋಲ್ಡ್ ಎಷ್ಟಿದೆಯೋ ಅಲ್ಲಿಗೆ ಬಂದು ತಾನೇ ನಿಲ್ಲುತ್ತದೆ. ಆ ಲೆಕ್ಕವೂ ಸೇರಿದ ವೋಲ್ಟೇಜ್ ಕೆಪಾಸಿಟರ್‌ನಲ್ಲಿ ಕೂರುತ್ತದೆ. ಆಮೇಲೆ ಸಮೀಕರಣದಲ್ಲಿ ಥ್ರೆಶೋಲ್ಡ್ ಹೊಡೆದುಹೋಗುತ್ತದೆ. ಆದರೆ ಸಮಯ ಎಲ್ಲಿದೆ? ಸೆಕೆಂಡಿಗೆ 60 ಫ್ರೇಮ್, 2400 ಸಾಲು ಅಂದರೆ ಒಂದು ಸಾಲಿಗೆ ಸಿಗುವುದು 7 ಮೈಕ್ರೊಸೆಕೆಂಡ್‌ಗೂ ಕಡಿಮೆ. ಸಂತೆ ಮುಗಿಯುವ ಹೊತ್ತಿಗೆ ತೂಕ ಮಾಡಿಸಿದ ಹಾಗೆ, ಒಂಚೂರು ಏರುಪೇರು ಇದ್ದೇ ಇರುತ್ತದೆ.

ನನ್ನ 27 ಡಿಗ್ರಿ ಕಥೆಗೆ ಬರುತ್ತೇನೆ. ಟೆಂಪರೇಚರ್ 60 ಅಂತ ಹಾಕಿದೆ. ನಮ್ಮ ಬಿಸಿಲಲ್ಲಿ ಸ್ಕೂಟಿ ಮೇಲೆ ಇಟ್ಟ ಫೋನಿಗೆ ಇದೇನು ಜಾಸ್ತಿಯಲ್ಲ. ಸಪಾಟಾಗಿದ್ದ ಗೆರೆ ಕೋಟೆಯ ಬುರುಜಿನಿಂದ ಇಳಿಯುವ ಹಾಗೆ ಇಳಿಯಿತು. ಮುಚ್ಚಿದ ಬಾಗಿಲಿನ ಸಂದಿಯಿಂದ ಕೆಪಾಸಿಟರ್‌ನ ಚಾರ್ಜ್ ಸೋರುತ್ತಿತ್ತು. ನನ್ನ ಕೆಪಾಸಿಟರ್ 100 ಫೆಮ್ಟೊಫ್ಯಾರಡ್. ಬರೀ ಒಂದು ಪಿಕೊಆಂಪಿಯರ್ ಸೋರಿದರೂ ಒಂದು ಫ್ರೇಮ್‌ನ 16.7 ಮಿಲಿಸೆಕೆಂಡ್‌ನಲ್ಲಿ ವೋಲ್ಟೇಜ್ ಸುಮಾರು 0.17 ಅಲುಗಾಡುತ್ತದೆ. 0.1ಕ್ಕೇ 19 ಹೋಗಿತ್ತು, ನೆನಪಿದೆಯಲ್ವಾ? ಬಿಸಿ ಏರಿದಷ್ಟೂ ಈ ಸೋರಿಕೆ ಏರುತ್ತದೆ.

ದುಬಾರಿ ಫೋನುಗಳಲ್ಲಿ ಸೋರುವ ಜಾಗಕ್ಕೆ ಮಾತ್ರ ಸಿಲಿಕಾನ್ ಬದಲು ಲೋಹದ ಆಕ್ಸೈಡ್‌ನಿಂದ ಮಾಡಿದ ಟ್ರಾನ್ಸಿಸ್ಟರ್ ಹಾಕುತ್ತಾರೆ, ಅದರ ಸೋರಿಕೆ ಬಹಳ ಬಹಳ ಕಡಿಮೆ. ಅದಕ್ಕೇ ಆ ಪರದೆಗಳು ಸೆಕೆಂಡಿಗೆ ಒಂದೇ ಸಲ ಬರೆದರೂ ಮಿನುಗುವುದಿಲ್ಲ. ನನ್ನದು ಅಗ್ಗದ ಪರದೆ. ಆಕ್ಸೈಡ್ ಅಂದರೆ ಕಾರ್ಖಾನೆಯಲ್ಲಿ ಮಾಸ್ಕ್ (ಪದರಗಳ ಅಚ್ಚು) ಜಾಸ್ತಿ, ಖರ್ಚು ಜಾಸ್ತಿ, ಆಗಂಗಿಲ್ಲ ಅಂದರು. ಹಾಗಾಗಿ ಒಂದರ ಬದಲು ಎರಡು ಬಾಗಿಲು ಸಾಲಾಗಿ ಹಾಕಿದೆ. ಸೋರಿಕೆ ಕಡಿಮೆಯಾಗಬೇಕಿತ್ತು, ಅಷ್ಟೇನೂ ಆಗಲಿಲ್ಲ. ಎರಡು ದಿನ ತಲೆ ಕೆಟ್ಟಿತು. ಕೊನೆಗೆ ಎರಡು ಬಾಗಿಲ ನಡುವಿನ ನೋಡ್ (ಎರಡೂ ಸೇರುವ ಜಾಗ) ಮೇಲೆ ಪ್ರೋಬ್ ಇಟ್ಟು ನೋಡಿದೆ. ಬಾಗಿಲು ಮುಚ್ಚುವ ಸಿಗ್ನಲ್ ಜಿಗಿದಾಗ ಆ ನೋಡ್ ಕೂಡ ಜೊತೆಗೆ ಮೇಲಕ್ಕೆ ಹಾರುತ್ತಿತ್ತು. ಹಾರಿ, ಅಲ್ಲಿಂದ ನಿಧಾನ ನನ್ನ ಕೆಪಾಸಿಟರ್ ಕಡೆಗೇ ಸೋರುತ್ತಿತ್ತು. ಕಳ್ಳ ಬಾಗಿಲ ಹೊರಗಿಲ್ಲ, ಪಡಸಾಲೆಯಲ್ಲೇ ಕೂತಿದ್ದ. ಸ್ಥಿರ ವೋಲ್ಟೇಜ್‌ನ ತಂತಿಯಿಂದ ಒಂದು ಲೋಹದ ನಾಲಿಗೆ ಚಾಚಿ ಆ ನೋಡ್ ಮೇಲೆ ಹೊದಿಸಿದೆ. ಹಾರುವುದು ಕಮ್ಮಿಯಾಯಿತು. 60 ಡಿಗ್ರಿಯಲ್ಲೂ ಗೆರೆ ಹೆಚ್ಚೂಕಮ್ಮಿ ನೆಟ್ಟಗಾಯಿತು.

ಭಾನುವಾರ ಅಫಜಲಪುರದ ಕಡೆ ನಮ್ಮ ಕಬ್ಬಿನ ಹೊಲಕ್ಕೆ ಹೋಗಿದ್ದೆ. ಅಪ್ಪ ಡ್ರಿಪ್ ಪೈಪ್ ಹಿಡಿದುಕೊಂಡು ಸಿಟ್ಟಿನಲ್ಲಿದ್ದರು. "ಮೋಟರ್ ಹತ್ರ ನೀರ್ ಧೋ ಅಂತ ಬೀಳ್ತಾವ, ಆ ಕಡಿ ಸಾಲಿಗಿ ಹನಿ ಇಲ್ಲ ನೋಡು." ಒತ್ತಡ ಸರಿಮಾಡಿಕೊಳ್ಳುವ ಡ್ರಿಪ್ಪರ್ ಬರುತ್ತದೆ, ಒಳಗೆ ಪುಟ್ಟ ರಬ್ಬರ್ ಬಿಲ್ಲೆ ಇರುತ್ತದೆ, ಒತ್ತಡ ಏರಿದರೆ ಅದೇ ಬಗ್ಗಿ ದಾರಿ ಕಿರಿದು ಮಾಡುತ್ತದೆ ಅಂತ ಹೇಳಿದೆ. ಅಪ್ಪ ಒಂದು ಕ್ಷಣ ನೋಡಿದರು. "ನಿನ್ನ ಮೊಬೈಲ್‌ನಾಗ ಅದ ಏನ್ ಆ ರಬ್ಬರ್?"

ನಾನು ಬಾಯಿ ತೆರೆದವಳು ಹಾಗೇ ನಿಂತೆ. ಇಲ್ಲ. ನನ್ನ ಸಮೀಕರಣದಲ್ಲಿ ಥ್ರೆಶೋಲ್ಡ್ ಹೊಡೆದುಹೋಗಿತ್ತು, ಆದರೆ ಸಪ್ಲೈ ವೋಲ್ಟೇಜ್ ಹಾಗೇ ಉಳಿದಿತ್ತು. ಪ್ಯಾನಲ್‌ನ ಒಂದು ತುದಿಯಲ್ಲಿ 4.6 ವೋಲ್ಟ್ ಕೊಟ್ಟರೆ ಆ ಕಡೆ ಸಾಲಿಗೆ ಅಷ್ಟೇ ಮುಟ್ಟುವುದಿಲ್ಲ, ತಂತಿಯಲ್ಲೇ ಒಂದಿಷ್ಟು ಇಳಿಯುತ್ತದೆ. ಪರದೆ ಪೂರ್ತಿ ಬೆಳ್ಳಗಾದರೆ ಇನ್ನೂ ಜಾಸ್ತಿ. 0.1 ವೋಲ್ಟ್ ಇಳಿದರೆ ಮತ್ತೆ ಅದೇ ಶೇಕಡಾ 19, ಮುಂಬಾಗಿಲಿಂದ ಓಡಿಸಿದ್ದು ಹಿತ್ತಲಿಂದ ಬಂದು ಕೂತಿತ್ತು. ನಾನು ಇಷ್ಟು ದಿನ ಮೋಟರ್ ಪಕ್ಕದ ಸಾಲಿನ ಪಿಕ್ಸೆಲ್ ಮಾತ್ರ ಓಡಿಸಿ ನೋಡುತ್ತಿದ್ದೆ.

ರಾತ್ರಿ ಬಂದು ಸಪ್ಲೈ ತಂತಿಯನ್ನು ಅಡ್ಡ ಉದ್ದ ಜಾಳಿಗೆ ಮಾಡಿ ಬಿಡಿಸಿದೆ. ಜಾಗ ಸಾಲದೆ ಕೆಪಾಸಿಟರ್ ಒಂಚೂರು ಸಣ್ಣದು ಮಾಡಬೇಕಾಯಿತು. ಸಣ್ಣದಾದರೆ ಸೋರಿಕೆಯ ಏಟು ಜಾಸ್ತಿ. 60 ಡಿಗ್ರಿ, ಕೊನೆಯ ಸಾಲು, ಪೂರ್ತಿ ಬಿಳಿ ಪರದೆ ಅಂತ ಬರೆದು ಎಂಟರ್ ಒತ್ತಿದೆ. ಅರ್ಧ ಓಡಿರಬೇಕು, ಇನ್ವರ್ಟರ್ ಕುಂಯ್ ಅಂತ ಕೂಗತೊಡಗಿತು.