ಸರಿಯಾಗಿಯೇ ತಿದ್ದಿದ್ದೆ, ಯಾಕೆ ಅಳಿಸಿದರು?

ಬಿಡುವಿದ್ದಾಗ ವಿಕಿಪೀಡಿಯದ ಲೇಖನಗಳನ್ನು ತಿದ್ದುತ್ತೇನೆ ಎಂದು ಗೊತ್ತಾದವರು ಮೊದಲು ಕೇಳುವುದು ‘ಎಷ್ಟು ಕೊಡುತ್ತಾರೆ?’ ಎಂದು. ಏನೂ ಕೊಡುವುದಿಲ್ಲ. ಆ ಮಾತು ಅಲ್ಲಿಗೆ ಮುಗಿಯುತ್ತದೆ. ಎರಡನೆಯ ಪ್ರಶ್ನೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ, ಅದನ್ನು ಕೇಳುವವರ ದನಿಯಲ್ಲಿ ಸಣ್ಣದೊಂದು ಮುನಿಸೂ ಇರುತ್ತದೆ: ‘ಒಂದು ತಪ್ಪು ಕಣ್ಣಿಗೆ ಬಿತ್ತು, ಪಾಪ ಎಂದುಕೊಂಡು ಸರಿಪಡಿಸಿದೆ. ಹತ್ತು ನಿಮಿಷದಲ್ಲಿ ಯಾರೋ ಬಂದು ಮೊದಲಿದ್ದ ಹಾಗೆಯೇ ಮಾಡಿಟ್ಟರು. ನಾನು ಬರೆದದ್ದು ಸರಿಯಾಗಿಯೇ ಇತ್ತಲ್ಲ, ನಿಮ್ಮವರು ಯಾಕೆ ಹೀಗೆ?’

‘ನಿಮ್ಮವರು’ ಎಂಬುದಕ್ಕೆ ನನ್ನ ತಕರಾರಿದೆ. ‘ಸಂಪಾದಿಸಿ’ ಎಂಬುದನ್ನು ಒತ್ತಿದ ಗಳಿಗೆಯಲ್ಲಿ ನೀವೂ ಸಂಪಾದಕರೇ. ಆದರೆ ಪ್ರಶ್ನೆ ನ್ಯಾಯವಾದದ್ದು. ನನ್ನ ಮೊದಲ ತಿದ್ದುಪಡಿಗೂ ಇದೇ ಗತಿಯಾಗಿತ್ತು.

ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25ರಂದು, ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ್ದು ಎಂದು ಬಾಯಿಪಾಠ ಮಾಡಿ ಬೆಳೆದವನು ನಾನು. ಒಂದು ಪುಟದಲ್ಲಿ 1643ರ ಜನವರಿ 4 ಎಂದಿತ್ತು. ಇಷ್ಟು ದೊಡ್ಡ ತಪ್ಪನ್ನು ಇಷ್ಟು ದಿನ ಯಾರೂ ನೋಡಲಿಲ್ಲವೇ ಎಂದು ಬೀಗುತ್ತಲೇ ಬದಲಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಹಳೆಯ ದಿನಾಂಕ ಮತ್ತೆ ಕುಳಿತಿತ್ತು. ಪುಟದ ಇತಿಹಾಸದಲ್ಲಿ ಕಾರಣದ ಜಾಗದಲ್ಲಿ ಇದ್ದದ್ದು ಎರಡೇ ಪದ: ‘ಚರ್ಚೆಪುಟ ನೋಡಿ.’ ಸಿಟ್ಟು ಬಂತು. ನೋಡಿದೆ. ಅಲ್ಲಿ ಈ ದಿನಾಂಕದ ಬಗ್ಗೆ ನನಗಿಂತ ಮೊದಲೇ ಬೀಗಿ ಬಂದವರ ಸಾಲೇ ಇತ್ತು.

ಸಂಗತಿ ಇಷ್ಟು. ಇಟಲಿಯಂಥ ಕ್ಯಾಥೊಲಿಕ್ ದೇಶಗಳು 1582ರಲ್ಲೇ ಇವತ್ತು ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಹೋದವು. ಇಂಗ್ಲೆಂಡ್ ಮಾತ್ರ 1752ರ ತನಕ ಹಳೆಯ ಜೂಲಿಯನ್ ಲೆಕ್ಕವನ್ನೇ ಹಿಡಿದುಕೊಂಡಿತ್ತು. ನ್ಯೂಟನ್ ಹುಟ್ಟುವ ಹೊತ್ತಿಗೆ ಎರಡರ ನಡುವೆ 10 ದಿನಗಳ ಅಂತರವಿತ್ತು. ಅವನ ಮನೆಯವರ ಪಾಲಿಗೆ ಅದು ಡಿಸೆಂಬರ್ 25, ಹೊಸ ಲೆಕ್ಕದಲ್ಲಿ ಮರುವರ್ಷದ ಜನವರಿ 4. ಗೆಲಿಲಿಯೋ ಸತ್ತ 1642ರ ಜನವರಿ 8 ಇಟಲಿಯ ಹೊಸ ಲೆಕ್ಕದ್ದು. ಇಬ್ಬರಿಗೂ ಒಂದೇ ಕ್ಯಾಲೆಂಡರ್ ಹಿಡಿದರೆ, ಅದು ಹಳೆಯದಾಗಲಿ ಹೊಸದಾಗಲಿ, ಸಾವು ಒಂದು ವರ್ಷಕ್ಕೆ, ಹುಟ್ಟು ಇನ್ನೊಂದು ವರ್ಷಕ್ಕೆ ಬೀಳುತ್ತದೆ. ನಾನು ಬರೆದದ್ದು ತಪ್ಪಾಗಿರಲಿಲ್ಲ. ಪುಟದಲ್ಲಿದ್ದದ್ದೂ ತಪ್ಪಾಗಿರಲಿಲ್ಲ. ಯಾವ ಕ್ಯಾಲೆಂಡರ್ ಎಂದು ಹೇಳುವ ಅರ್ಧ ಸಾಲು ಎರಡರಲ್ಲೂ ಇರಲಿಲ್ಲ.

ಹಾಗಾಗಿ ಮುನಿಸಿಕೊಂಡು ಬಂದವರಿಗೆ ನನ್ನ ಉತ್ತರ: ನೀವು ಸರಿಯಾಗಿದ್ದಿರಬಹುದು, ಆದರೆ ಸರಿ ಎಂದು ತೋರಿಸಲಿಲ್ಲ. ವಿಕಿಪೀಡಿಯ ಕೇಳುವುದು ‘ನಿಮಗೆ ಗೊತ್ತೇ?’ ಎಂದಲ್ಲ, ‘ಎಲ್ಲಿ ಅಚ್ಚಾಗಿದೆ?’ ಎಂದು. ಮೊದಮೊದಲು ನನಗೂ ಇದು ಗುಮಾಸ್ತರ ಹಟದಂತೆ ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ. ನೀವು ಇತಿಹಾಸದ ಪ್ರಾಧ್ಯಾಪಕರೋ ರಜೆಯಲ್ಲಿ ಬೇಸರ ಬಂದ ಹುಡುಗನೋ ಎಂದು ತೆರೆಯ ಆಚೆ ಇರುವವರಿಗೆ ತಿಳಿಯುವ ದಾರಿಯಿಲ್ಲ. ನಾಳೆ ನೀವು ಬರದಿದ್ದರೂ ಮತ್ತೊಬ್ಬರು ಹೋಗಿ ಪರೀಕ್ಷಿಸಬಹುದಾದ ವಸ್ತುವೊಂದೇ ಉಳಿಯುತ್ತದೆ, ಅದು ಆಕರ.

ಸ್ವತಃ ಲೇಖಕನಿಗೂ ಇದರಿಂದ ವಿನಾಯಿತಿ ಸಿಗಲಿಲ್ಲ. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಅವರ ‘ದ ಹ್ಯೂಮನ್ ಸ್ಟೇನ್’ ಕಾದಂಬರಿಯ ನಾಯಕನಿಗೆ ಅನಟೋಲ್ ಬ್ರಾಯರ್ಡ್ ಎಂಬ ಬರಹಗಾರನ ಬದುಕೇ ಪ್ರೇರಣೆ ಎಂಬ ಮಾತು ಇಂಗ್ಲಿಷ್ ವಿಕಿಪೀಡಿಯದಲ್ಲಿತ್ತು. ಅಲ್ಲ, ನನ್ನ ಗೆಳೆಯನೊಬ್ಬನಿಗೆ ಆದದ್ದರಿಂದ ಅದು ಹುಟ್ಟಿತು ಎಂದು ರಾತ್ ಹೇಳಿಸಿದರೆ, ನಿಮ್ಮ ಕೃತಿಯ ಬಗ್ಗೆ ನಿಮಗಿಂತ ಬಲ್ಲವರಿಲ್ಲ ನಿಜ, ಆದರೂ ಬೇರೆ ಆಕರ ಬೇಕು ಎಂಬ ಉತ್ತರ ಬಂತು. ಅವರು 2012ರಲ್ಲಿ ‘ದ ನ್ಯೂಯಾರ್ಕರ್’ನಲ್ಲಿ ಉದ್ದನೆಯ ಬಹಿರಂಗ ಪತ್ರ ಬರೆದರು. ಪತ್ರ ಪ್ರಕಟವಾಯಿತು, ಅದೇ ಆಕರವಾಯಿತು, ಪುಟದಲ್ಲಿ ಅವರ ಮಾತೂ ಸೇರಿತು. ಜನ ನಕ್ಕರು. ನನಗೂ ನಗು ಬಂತು. ಆದರೆ ‘ನಾನೇ ಆ ಲೇಖಕ’ ಎಂದು ಹೇಳಿಕೊಂಡು ಬರುವವರೆಲ್ಲ ರಾತ್ ಅವರೇ ಆಗಿರುವುದಿಲ್ಲವಲ್ಲ.

ಆಕರವೆಂದರೆ ದೇವರ ವಾಕ್ಯವೇನೂ ಅಲ್ಲ. ಕೋಟಿ ಎಂಬ ಪ್ರಾಣಿಯಿದೆ, ಅಮೆರಿಕ ಖಂಡಗಳಲ್ಲಿ ವಾಸ, ರಕೂನ್ ಕುಟುಂಬಕ್ಕೆ ಸೇರಿದ್ದು. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ತಮಾಷೆಗೆ ಅದರ ಪುಟದಲ್ಲಿ ‘ಬ್ರೆಜಿಲಿಯನ್ ಆರ್ಡ್‌ವಾರ್ಕ್ ಎಂದೂ ಕರೆಯುತ್ತಾರೆ’ ಎಂದು ಸೇರಿಸಿದ. ಆರ್ಡ್‌ವಾರ್ಕ್ ಇರುವುದು ಆಫ್ರಿಕದಲ್ಲಿ, ಕೋಟಿಗೂ ಅದಕ್ಕೂ ನಂಟಿಲ್ಲ. ಯಾರೂ ಗಮನಿಸಲಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಆ ಹೆಸರನ್ನು ಎತ್ತಿಕೊಂಡವು. ಮುಂದೆ ಅಂಥದೇ ಒಂದು ಪತ್ರಿಕಾ ವರದಿ ವಿಕಿಪೀಡಿಯದ ಅದೇ ಸಾಲಿಗೆ ಆಕರವಾಗಿ ಬಂದು ಕುಳಿತಿತು. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡಿತು. ಅಂದಿನಿಂದ ನಾನು ಆಕರವನ್ನು ಓದುವ ಮೊದಲು ಅದರ ತಾರೀಖು ನೋಡುತ್ತೇನೆ. ವರದಿ ಮೊದಲೋ, ವಿಕಿಪೀಡಿಯದ ಸಾಲು ಮೊದಲೋ? ಇತಿಹಾಸದ ಪುಟದಲ್ಲಿ ಪ್ರತಿಯೊಂದು ತಿದ್ದುಪಡಿಯೂ ನಿಮಿಷದ ಸಮೇತ ಉಳಿದಿರುತ್ತದೆ, ಹಾಗಾಗಿ ಇದನ್ನು ಪತ್ತೆ ಮಾಡಲು ಕಷ್ಟವಿಲ್ಲ, ತಾಳ್ಮೆ ಬೇಕು ಅಷ್ಟೆ.

ಅಂಕಿ ಅಂಶಗಳ ಮಾತು ಇಷ್ಟಾದರೂ ನನ್ನ ಹೆಚ್ಚಿನ ಸಮಯ ಹೋಗುವುದು ಪದಗಳ ಮೇಲೆ. ಈ ಥರದ ವಾಕ್ಯ ನನಗೆ ವಾರಕ್ಕೊಂದಾದರೂ ಸಿಗುತ್ತದೆ: ‘ಅಪ್ರತಿಮ ಪ್ರತಿಭಾವಂತರೂ ಬಹುಮುಖ ವ್ಯಕ್ತಿತ್ವದವರೂ ಆದ ಇವರು ಅಸಂಖ್ಯಾತ ಕೃತಿಗಳ ಮೂಲಕ ಓದುಗರ ಮನಸೂರೆಗೊಂಡು 1998ರಲ್ಲಿ ಕೀರ್ತಿಶೇಷರಾದರು.’ ಅಪ್ರತಿಮ ಹೋಯಿತು, ಬಹುಮುಖ ಹೋಯಿತು. ಮನಸೂರೆಗೊಂಡದ್ದಕ್ಕೆ ಸಾಕ್ಷಿ ಇಲ್ಲ, ಹೋಯಿತು. ಅಸಂಖ್ಯಾತ ಎಂದರೆ ಎಷ್ಟು? ಗ್ರಂಥಾಲಯದ ಪಟ್ಟಿ ತೆಗೆದು ಎಣಿಸಿದರೆ ಹನ್ನೊಂದು. ‘ಕೀರ್ತಿಶೇಷರಾದರು’, ‘ವಿಧಿವಶರಾದರು’, ‘ಇಹಲೋಕ ತ್ಯಜಿಸಿದರು’ ಇವೆಲ್ಲ ನನ್ನ ಕೈಯಲ್ಲಿ ‘ನಿಧನರಾದರು’ ಆಗುತ್ತವೆ. ಉಳಿಯುವುದು: ‘ಹನ್ನೊಂದು ಕಾದಂಬರಿಗಳನ್ನು ಬರೆದಿದ್ದಾರೆ. 1998ರಲ್ಲಿ ನಿಧನರಾದರು.’ ಅಭಿಮಾನಿಗಳಿಗೆ ಇದು ಅವಮಾನವೆನಿಸುತ್ತದೆ. ಹನ್ನೊಂದು ಕಾದಂಬರಿ ಬರೆಯುವುದು ಎಷ್ಟು ಕಷ್ಟವೆಂದು ಗೊತ್ತಿದ್ದವರಿಗೆ ಹಾಗೆನಿಸಲಾರದು.

‘ಎಂದು ಹೇಳಲಾಗುತ್ತದೆ’ ಕಂಡರೂ ನನಗೆ ಕೈ ತುರಿಸುತ್ತದೆ. ಯಾರು ಹೇಳಿದರು? ‘ಕೆಲವರ ಅಭಿಪ್ರಾಯದಲ್ಲಿ’ ಎಂಬಲ್ಲಿ ಆ ಕೆಲವರು ಬಹುಪಾಲು ಸಲ ವಾಕ್ಯ ಬರೆದ ಒಬ್ಬರೇ. ಇವೆರಡಕ್ಕಿಂತ ದೊಡ್ಡ ಪೀಡೆ ಅನುವಾದದಿಂದ ಬಂದ ‘ಆಗಿದ್ದಾರೆ’. ‘ಇವರು ಒಬ್ಬ ವೈದ್ಯರಾಗಿದ್ದಾರೆ.’ ಕನ್ನಡದಲ್ಲಿ ಇವರು ವೈದ್ಯರು, ಅಷ್ಟೇ. ಆ ‘ಒಬ್ಬ’ನೂ ಬೇಡ, ‘ಆಗಿದ್ದಾರೆ’ಯೂ ಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬ ಸಂಪಾದಕರು ‘ಕಂಪ್ರೈಸ್ಡ್ ಆಫ್’ (‘ಇಂತಿಂಥವುಗಳಿಂದ ಕೂಡಿದ’ ಎನ್ನಲು ಬಳಸುವ, ಹಲವರು ತಪ್ಪೆನ್ನುವ ಪ್ರಯೋಗ) ಎಂಬ ಒಂದೇ ಪದಪ್ರಯೋಗವನ್ನು ಕೀಳುತ್ತ 2015ರ ಹೊತ್ತಿಗೆ 40,000ಕ್ಕೂ ಹೆಚ್ಚು ತಿದ್ದುಪಡಿ ಮಾಡಿದ್ದರು. ಓದಿದವರು ಹುಚ್ಚು ಎಂದರು, ನಾನು ಬಂಧು ಸಿಕ್ಕರೆಂದು ಖುಷಿಪಟ್ಟೆ. (ಅದೇ ವಿಕಿಪೀಡಿಯದಲ್ಲಿ ಒಂದು ಚಲನಚಿತ್ರದ ಹೆಸರಿನೊಳಗಿನ ‘ಇಂಟು’ ಎಂಬ ಪದಕ್ಕೆ ದೊಡ್ಡ ಅಕ್ಷರವೋ ಸಣ್ಣ ಅಕ್ಷರವೋ ಎಂದು 40,000 ಪದಗಳಷ್ಟು ಚರ್ಚೆ ನಡೆದಿದೆ. ಅಕ್ಷರಗಳಲ್ಲಿ ದೊಡ್ಡದು ಸಣ್ಣದು ಇಲ್ಲದ ಲಿಪಿ ನಮ್ಮದು, ಆ ಮಟ್ಟಿಗೆ ಬಚಾವ್.)

ಈಗ ಅಳಿಸಿದವರ ಕಡೆಯಿಂದ ನೋಡಿ. ಅವರು ‘ಇತ್ತೀಚಿನ ಬದಲಾವಣೆಗಳು’ ಪುಟ ತೆರೆದು ಕುಳಿತಿರುತ್ತಾರೆ, ತಿದ್ದುಪಡಿಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಬೈಗುಳವಿದ್ದರೆ ಪತ್ತೆ ಸುಲಭ. ಇಂಗ್ಲಿಷಿನಲ್ಲಿ ಅಂಥದ್ದನ್ನು ಕ್ಲೂಬಾಟ್ ಎನ್‌ಜಿ ಎಂಬ ತಂತ್ರಾಂಶವೇ 2010ರಿಂದ ಅಳಿಸುತ್ತ ಬಂದಿದೆ. ಕಷ್ಟದ್ದು ಅಂಕಿಯ ಕಿಡಿಗೇಡಿತನ. 1873 ಇದ್ದದ್ದು 1878 ಆದರೆ ಅದು ತಿದ್ದುಪಡಿಯೋ ತರಲೆಯೋ? ಕಾರಣ ಬರೆದಿಲ್ಲ, ಆಕರವಿಲ್ಲ, ಮಾಡಿದವರಿಗೆ ಖಾತೆಯೂ ಇಲ್ಲ. ನಿಮ್ಮ ಪ್ರಾಮಾಣಿಕ ತಿದ್ದುಪಡಿಯೂ ಅವರಿಗೆ ಕಾಣುವುದು ಹಾಗೆಯೇ. ಅವರದೂ ತಪ್ಪಿದೆ, ಇಲ್ಲವೆನ್ನುವುದಿಲ್ಲ. ಅವಸರ ಮಾಡುತ್ತಾರೆ, ಹೊಸಬರೊಂದಿಗೆ ಒರಟಾಗಿ ನಡೆದುಕೊಳ್ಳುತ್ತಾರೆ. ಆಕರದ ಜೊತೆಗೇ ಬಂದ ತಿದ್ದುಪಡಿಯೊಂದನ್ನು ಪೂರ್ತಿ ಓದದೆ ನಾನೇ ಕಿತ್ತುಹಾಕಿ ಕ್ಷಮೆ ಕೇಳಿದ್ದೂ ಇದೆ.

ಬದುಕಿರುವವರ ಪುಟವಾದರೆ ಬಿಗಿ ಇನ್ನೂ ಹೆಚ್ಚು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗನ್‌ಥಾಲರ್ ಅವರನ್ನು ಕೆನೆಡಿ ಸಹೋದರರ ಹತ್ಯೆಗಳಿಗೆ ತಳಕು ಹಾಕಿದ ಸುಳ್ಳು ನಾಲ್ಕು ತಿಂಗಳು ಅವರ ಪುಟದಲ್ಲೇ ಇತ್ತು. ಆ ಪೆಟ್ಟನ್ನು ಯಾರೂ ಮರೆತಿಲ್ಲ.

ಆದ್ದರಿಂದ ಮುಂದಿನ ಸಲ ಕಾರಣದ ಜಾಗವನ್ನು ಖಾಲಿ ಬಿಡಬೇಡಿ. ಪುಸ್ತಕವಿದ್ದರೆ ಪುಟಸಂಖ್ಯೆ ಕೊಡಿ. ಅಳಿಸಿದರೆ ಮತ್ತೆ ಮತ್ತೆ ಅದನ್ನೇ ಹಾಕುತ್ತ ಕೂರಬೇಡಿ. ಇಂಗ್ಲಿಷಿನಲ್ಲಂತೂ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಬೇರೆಯವರ ತಿದ್ದುಪಡಿಯನ್ನು ಮೂರು ಸಲಕ್ಕಿಂತ ಹೆಚ್ಚು ಹಿಂದಿರುಗಿಸಿದವರ ಖಾತೆಗೆ ಬೀಗ ಬೀಳಬಹುದು. ಚರ್ಚೆಪುಟಕ್ಕೆ ಹೋಗಿ ಕೇಳಿ. ಉತ್ತರ ಬರದಿದ್ದರೆ ಅರಳಿಕಟ್ಟೆಯಿದೆ, ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಅದೇ ಹೆಸರು.

ನ್ಯೂಟನ್ ಪುಟ ಈಗ ನನ್ನ ವೀಕ್ಷಣಾಪಟ್ಟಿಯಲ್ಲಿದೆ, ಯಾರು ಬದಲಿಸಿದರೂ ನನಗೆ ಅಲ್ಲಿ ಕಾಣುತ್ತದೆ. ಕಳೆದ ವಾರ ಯಾರೋ 1643 ಅನ್ನು 1642 ಮಾಡಿದರು. ಹಿಂದಿರುಗಿಸಿದೆ. ‘ಚರ್ಚೆಪುಟ ನೋಡಿ’ ಎಂದು ಗೀಚಿ ಬಿಡದೆ ಅವರ ಪುಟಕ್ಕೇ ಹೋಗಿ ಎರಡು ಕ್ಯಾಲೆಂಡರುಗಳ ಕಥೆಯನ್ನು ವಿವರವಾಗಿ ಬರೆದೆ. ನಿನ್ನೆ ಉತ್ತರ ಬಂದಿದೆ: ‘ಹಾಗಾದರೆ ಗೆಲಿಲಿಯೋ?’ ಇವತ್ತು ರಾತ್ರಿ ಕೂತು ಅದನ್ನೂ ಬರೆಯಬೇಕು.