ಕಾಲು ನೋಡಿ ಆರಿಸಿದವರು

ಆಗಸ್ಟ್ ಕೊನೆ ವಾರ ಬಂತೆಂದರೆ ನಮ್ಮ ನ್ಯೂಜೆರ್ಸಿ ಆಫೀಸಿನಲ್ಲಿ ಕೆಲಸ ಅಷ್ಟಕ್ಕಷ್ಟೇ. ಎಲ್ಲರ ತಲೆಯಲ್ಲೂ ಫ್ಯಾಂಟಸಿ ಫುಟ್‌ಬಾಲ್. ಇದು ಬಾಲನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ನಾವು ಆರಿಸಿದವರು ನಿಜವಾದ ಪಂದ್ಯದಲ್ಲಿ ಆಡಿದ ಹಾಗೆ ನಮಗೆ ಪಾಯಿಂಟ್. ಊರಲ್ಲಿ ಕ್ರಿಕೆಟ್‌ಗೆ ಆ್ಯಪ್‌ನಲ್ಲಿ ತಂಡ ಕಟ್ಟುತ್ತಿದ್ದೆವಲ್ಲ, ಅದೇ ತರ. ಅಲ್ಲಿ ಕೊಹ್ಲಿಯನ್ನು ಲಕ್ಷ ಜನ ಆರಿಸಿಕೊಳ್ಳಬಹುದು. ಇಲ್ಲಿ ಒಬ್ಬ ಆಟಗಾರ ಲೀಗಿನಲ್ಲಿ, ಅಂದರೆ ನಮ್ಮ ಗುಂಪಿನಲ್ಲಿ, ಒಬ್ಬರಿಗೇ. ಸರದಿ ಬಂದಾಗ ಎತ್ತಿಕೊಂಡರೆ ನಿಮ್ಮವನು, ಬಿಟ್ಟರೆ ಪಕ್ಕದವನ ಪಾಲು. ಆ ಸಂಜೆಗೆ ಡ್ರಾಫ್ಟ್ ಅನ್ನುತ್ತಾರೆ. ಈ ವಾರ ನಮ್ಮದು ಮುಗಿಯಿತು. ಆದರೆ ಅಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಮೀಟಿಂಗ್ ರೂಮಿನ ಗೋಡೆಗೆ ದೊಡ್ಡ ಹಾಳೆ. ಆರಿಸಿದ ಆಟಗಾರನ ಹೆಸರಿನ ಸ್ಟಿಕರ್ ಕಿತ್ತು ಅದಕ್ಕೆ ಅಂಟಿಸಬೇಕು. ಒಂದು ಕಡೆ ದಾವಣಗೆರೆಯ ಹುಡುಗ, ಡೇಟಾ ಟೀಮಿನವನು. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಎಕ್ಸೆಲ್. ಎದುರಿಗೆ ಅಕೌಂಟ್ಸಿನ ಹಿರಿಯರು. ಹಳದಿ ಹಾಳೆಯ ಪ್ಯಾಡು, ಮೊಂಡಾದ ಪೆನ್ಸಿಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಮೊದಲ ಸುತ್ತಿನಲ್ಲೇ ಅವರು ಎದ್ದು ಫಿಲಡೆಲ್ಫಿಯಾ ಈಗಲ್ಸ್ ತಂಡದ ಓಟಗಾರ ಸ್ಯಾಕ್ವಾನ್ ಬಾರ್ಕ್ಲಿಯ ಸ್ಟಿಕರ್ ಕಿತ್ತರು. ಹುಡುಗನಿಗೆ ತಡೆಯಲಾಗಲಿಲ್ಲ.

"ಒಂದು ಸೀಸನ್‌ನಲ್ಲಿ 2,000 ಯಾರ್ಡ್ ಓಡಿದವರಲ್ಲಿ ಒಬ್ಬನೂ ಎರಡನೇ ಸಲ ಓಡಿಲ್ಲ. ಗೊತ್ತಾ ನಿಮಗೆ?"

"ಗೊತ್ತು."

"ಮತ್ತೆ ಇವನನ್ನ ಯಾಕೆ?"

"ನಾನು ಅವನ ಕಾಲು ನೋಡಿದ್ದೀನಿ."

ಅಷ್ಟೇ. ಸ್ಟಿಕರ್ ಅಂಟಿಸಿ ಕೂತುಬಿಟ್ಟರು. ಹುಡುಗ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ: "ಅಣ್ಣಾ, ಕಾಲಲ್ಲಿ ಏನಿರುತ್ತೆ?"

ಹುಡುಗ ಹೇಳಿದ್ದು ಸುಳ್ಳಲ್ಲ. ಬಾಲ್ ಹಿಡಿದು ಮುಂದೆ ಓಡಿದ ದೂರವನ್ನು ಇಲ್ಲಿ ಯಾರ್ಡ್‌ನಲ್ಲಿ ಅಳೆಯುತ್ತಾರೆ. 1973ರಲ್ಲಿ ಒ.ಜೆ. ಸಿಂಪ್ಸನ್ ಮೊದಲ ಸಲ 2,000 ದಾಟಿದ. ಅಲ್ಲಿಂದ ಇಲ್ಲಿಯವರೆಗೆ ದಾಟಿದವರು ಒಂಬತ್ತೇ ಜನ. 2024ರಲ್ಲಿ 2,005 ಓಡಿದ ಬಾರ್ಕ್ಲಿ ಒಂಬತ್ತನೆಯವನು. 1998ರಲ್ಲಿ ದಾಟಿದ ಟೆರೆಲ್ ಡೇವಿಸ್ ಮರುವರ್ಷ ನಾಲ್ಕನೇ ಪಂದ್ಯದಲ್ಲೇ ಮೊಣಕಾಲಿಗೆ ದೊಡ್ಡ ಪೆಟ್ಟು ಮಾಡಿಕೊಂಡ. ಬಾರ್ಕ್ಲಿ 2024ರ ಸೀಸನ್‌ನಲ್ಲಿ, ಪ್ಲೇಆಫ್ ಬಿಟ್ಟು, 345 ಸಲ ಬಾಲ್ ಹಿಡಿದು ನುಗ್ಗಿದ್ದಾನೆ. ಹೆಚ್ಚುಕಡಿಮೆ ಪ್ರತಿ ಸಲವೂ ನೂರು ಕಿಲೋ ಮೇಲಿನವರು ಬಂದು ಗುದ್ದುತ್ತಾರೆ. ಮೈ ಅಂದರೆ ಮೈ ಅಲ್ವಾ?

ಆದರೆ ಹಿರಿಯರ ಕಡೆಯ ಕತೆಯೂ ಇದೆ. ಅವರು ನ್ಯೂಯಾರ್ಕ್ ಜೈಂಟ್ಸ್ ತಂಡದ ಅಭಿಮಾನಿ. ಈಸ್ಟ್ ರುದರ್‌ಫರ್ಡ್‌ನ ಸ್ಟೇಡಿಯಂನಲ್ಲಿ ಸೀಸನ್ ಟಿಕೆಟ್ ಇಟ್ಟುಕೊಂಡವರು. ಬಾರ್ಕ್ಲಿ 2018ರಿಂದ 2023ರವರೆಗೆ ಆಡಿದ್ದು ಅಲ್ಲೇ. 2023ರಲ್ಲಿ ಅವನು ಓಡಿದ್ದು 962 ಯಾರ್ಡ್, ಸಲಕ್ಕೆ 3.9. ಆ ಅಂಕಿ ನೋಡಿದವರು ಇವನ ಕತೆ ಮುಗೀತು ಅಂದರು. ಇವರು ಮಾತ್ರ ಒಪ್ಪಲಿಲ್ಲ. ಬಾಲ್ ಕೈಗೆ ಬರುವಷ್ಟರಲ್ಲೇ ಇಬ್ಬರು ಮೇಲೆ ಬೀಳುತ್ತಿದ್ದರಂತೆ. ಮುಂದೆ ನಿಂತು ದಾರಿ ಬಿಡಿಸಬೇಕಾದ ಲೈನ್ ಅಷ್ಟು ಕೆಟ್ಟದಾಗಿತ್ತು. ಎರಡು ಯಾರ್ಡ್ ಹಿಂದಕ್ಕೆ ಬೀಳಬೇಕಾದವನು ಮೂರು ಯಾರ್ಡ್ ಮುಂದೆ ಬಿದ್ದ. ಲೆಕ್ಕದ ಪುಸ್ತಕಕ್ಕೆ ಹೋಗಿದ್ದು ಆ ಮೂರು ಮಾತ್ರ. ಅವನು ಗಟ್ಟಿ ಲೈನ್ ಇದ್ದ ಫಿಲಡೆಲ್ಫಿಯಾಕ್ಕೆ ಹೋದ. ಆ 2,005 ಓಡಿದ್ದು ಅಲ್ಲೇ.

ಮರುದಿನ ಪಾರ್ಕಿಂಗ್‌ನಲ್ಲಿ ಸಿಕ್ಕರು. ಕಾಲಲ್ಲಿ ಏನು ನೋಡಿದಿರಿ ಅಂತ ನೇರವಾಗಿ ಕೇಳಿದೆ. ಈ ಮನುಷ್ಯನಿಗೆ ಗುಟ್ಟು ಮಾಡುವುದರಲ್ಲಿ ಸ್ವಲ್ಪ ಖುಷಿ ಜಾಸ್ತಿ. ಆದರೂ ಹೇಳಿದರು. ತಿರುಗುವ ಮೊದಲು ಅವನು ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾನಂತೆ. ಸುಸ್ತಾದಾಗ ಹೆಜ್ಜೆ ಉದ್ದವಾಗುತ್ತೆ, ತಿರುವು ತಡವಾಗುತ್ತೆ. "ಫೆಬ್ರವರಿವರೆಗೂ ಅದು ಉದ್ದ ಆಗಲಿಲ್ಲ."

ಹುಡುಗನಿಗೆ ಇದನ್ನು ಮುಟ್ಟಿಸಿದೆ. ಅವನು ತಕ್ಷಣ ಆ ಫೆಬ್ರವರಿಯ ಫೈನಲ್, ಸೂಪರ್ ಬೌಲ್ ತೆಗೆದ. 25 ಸಲ ಓಡಿ ಬರೀ 57 ಯಾರ್ಡ್. ಎದುರಾಳಿ ಚೀಫ್ಸ್‌ನವರೆಲ್ಲ ಅವನೊಬ್ಬನನ್ನು ತಡೆಯಲೆಂದೇ ನಿಂತಿದ್ದರು, ಅದಕ್ಕೇ ಈಗಲ್ಸ್ 40–22 ಗೆದ್ದರು ಅಂದೆ. "ಎಲ್ಲರ ಭುಜದ ಪ್ಯಾಡಿನೊಳಗೂ ಚಿಪ್ ಇದೆ ಅಣ್ಣಾ, ಸ್ಪೀಡೆಲ್ಲ ಲೆಕ್ಕ ಸಿಗುತ್ತೆ" ಅಂದ. ಚಿಪ್ ಇರುವುದು ಭುಜದಲ್ಲಿ, ಕಾಲಲ್ಲಿ ಅಲ್ಲವಲ್ಲ ಮಾರಾಯ ಅಂದೆ. ಸಿಟ್ಟಾದ. ಒಳ್ಳೆ ಹುಡುಗ, ಕಷ್ಟಪಟ್ಟು ಶೀಟ್ ಮಾಡಿದ್ದಾನೆ. ತಮಾಷೆ ಮಾತ್ರ ತಡೆದುಕೊಳ್ಳಲ್ಲ.

ಹಾಗಂತ ಕಣ್ಣೇ ದೊಡ್ಡದು ಅಂತ ನಾನು ಒಪ್ಪಲ್ಲ. 2021ರ ಆಗಸ್ಟ್‌ನಲ್ಲಿ ಸಿನ್ಸಿನಾಟಿ ತಂಡದಲ್ಲಿ ಜಾಮಾರ್ ಚೇಸ್ ಹೊಸಬ. ಎಸೆದ ಬಾಲ್ ಹಿಡಿಯುವುದು ಅವನ ಕೆಲಸ. ಅಭ್ಯಾಸ ಪಂದ್ಯಗಳಲ್ಲಿ ಕೈಗೆ ಬಂದ ಬಾಲ್ ಬಿಟ್ಟ. ಕಾಲೇಜಿನ ಬಾಲಿಗೆ ಬಿಳಿ ಪಟ್ಟಿ ಇರುತ್ತೆ, ದೊಡ್ಡ ಲೀಗಿನ ಬಾಲಿಗಿಲ್ಲ, ಕಾಣಲ್ಲ ಅಂತ ತಾನೇ ಹೇಳಿಕೊಂಡ. ಎಷ್ಟೋ ಜನ ಅವನನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಿದರು. ಕಣ್ಣಾರೆ ನೋಡಿದ್ದೇವೆ ಅನ್ನುವ ಧೈರ್ಯ. ಆ ಸೀಸನ್‌ನಲ್ಲಿ ಅವನು ಹೊಡೆದದ್ದು 1,455 ಯಾರ್ಡ್, 13 ಟಚ್‌ಡೌನ್ (ಬಾಲ್ ಸಮೇತ ಎದುರಾಳಿಯ ಕೊನೆಯ ಗೆರೆ ದಾಟುವುದು). ಕಾಲೇಜಿನ ಅಂಕಿಗಳು ಇದನ್ನು ಮೊದಲೇ ಹೇಳಿದ್ದವು. ಅದೇ ವರ್ಷ ಅಟ್ಲಾಂಟಾದ ಕೈಲ್ ಪಿಟ್ಸ್‌ನ ಎತ್ತರ, ಓಟ ನೋಡಿ ಎಲ್ಲರೂ ಮರುಳಾದರು. 1,026 ಯಾರ್ಡ್ ಬಂತು, ಟಚ್‌ಡೌನ್ ಒಂದೇ. ನೋಡಲು ಹಬ್ಬ, ಪಾಯಿಂಟ್‌ಗೆ ಉಪವಾಸ.

ನಾವೆಲ್ಲ "ನೋಡಿದ್ದೀನಿ" ಅನ್ನುವುದು ಎಷ್ಟನ್ನು? 2024ರ ನವೆಂಬರ್‌ನಲ್ಲಿ ಬಾರ್ಕ್ಲಿ ಹಿಮ್ಮುಖವಾಗಿ ಹಾರಿ ಎದುರಾಳಿ ಜಾಗ್ವಾರ್ಸ್ ಆಟಗಾರನೊಬ್ಬನನ್ನು ದಾಟಿದ. ಅದನ್ನು ಫೋನಿನಲ್ಲಿ ನೋಡದವರಿಲ್ಲ. ಹತ್ತು ಸೆಕೆಂಡಿನ ಅದನ್ನೇ ನೂರು ಸಲ ನೋಡಿ ಆಟ ನೋಡಿದೆವು ಅಂದುಕೊಳ್ಳುತ್ತೇವೆ. ಹಿರಿಯರು ಡಿಸೆಂಬರ್ ಚಳಿಯಲ್ಲಿ ಕೂತು ಅವನು ಸೊನ್ನೆ ಯಾರ್ಡ್ ಓಡಿದ್ದನ್ನೂ ನೋಡಿದ್ದಾರೆ. ಇತ್ತ ಹುಡುಗನ ಶೀಟಿನಲ್ಲಿ ಗುದ್ದು ಬಿದ್ದ ಮೇಲೆ ಓಡಿದ ಯಾರ್ಡ್ ಅಂತ ಒಂದು ಕಾಲಂ ಇದೆ. ಅದನ್ನು ಯಾರೋ ಒಬ್ಬರು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಬರೆದಿರಬೇಕು. ಅದೂ ಕಣ್ಣೇ ಅಲ್ವಾ? ಇಬ್ಬರೂ ಜಗಳವಾಡುತ್ತಿರುವುದು ಯಾಕೆ ಅಂತ ನನಗೆ ಅರ್ಥವಾಗುತ್ತಿಲ್ಲ.

ನಮ್ಮಪ್ಪ ಭದ್ರಾವತಿಯವರು. ಅವರೆದುರು ಜಿ.ಆರ್. ವಿಶ್ವನಾಥ್ ಸರಾಸರಿ 41.93 ಅಂತ ಅಪ್ಪಿತಪ್ಪಿಯೂ ಹೇಳಬಾರದು. 1975ರ ಜನವರಿ, ಮದ್ರಾಸ್, ವೆಸ್ಟ್ ಇಂಡೀಸ್ ಎದುರು. ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ. ಭಾರತ 190ಕ್ಕೆ ಆಲೌಟ್, ಅದರಲ್ಲಿ ವಿಶ್ವನಾಥ್ ಔಟಾಗದೆ 97. ಲೆಕ್ಕದಲ್ಲಿ ಸೆಂಚುರಿ ಕೂಡ ಅಲ್ಲ. "ನೋಡಿದವರಿಗೆ ಗೊತ್ತು ಆ ಸ್ಕ್ವೇರ್ ಕಟ್" ಅಂತ ಅಪ್ಪ ಶುರು ಮಾಡಿದರೆ ಊಟ ಆರಿಹೋಗುತ್ತೆ. ಅಮ್ಮ ಒಮ್ಮೆ ಗುಟ್ಟು ಬಿಟ್ಟುಕೊಟ್ಟಿದ್ದಳು. ಅಪ್ಪ ಮದ್ರಾಸಿಗೆ ಹೋಗೇ ಇಲ್ಲ. ರೇಡಿಯೋ ಕೇಳಿದ್ದು.

ನಿನ್ನೆ ಫೋನಿನಲ್ಲಿ ಅಪ್ಪನಿಗೆ ಡ್ರಾಫ್ಟ್ ಜಗಳ ಪೂರ್ತಿ ಹೇಳಿದೆ. ಹಿರಿಯರ ಮಾತು ಕೇಳಿ ತುಂಬಾ ಖುಷಿಯಾದರು. "ಸರಿಯಾಗಿ ಹೇಳಿದ್ದಾನೆ ಕಣೋ ಅವನು. ಆಟ ಅಂದ್ರೆ ನೋಡ್ಬೇಕು. ಲೆಕ್ಕ ಯಾವನಿಗೆ ಬೇಕು?" ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಂದಹಾಗೆ, ಅವನು ಎಷ್ಟು ಹೊಡೆದಿದ್ದ?"

2,005 ಅಂದೆ.

"ಭಾರಿ ಆಟಗಾರ ಬಿಡು!"