ಹದಿಮೂರು ಸಾಲು, ಮೂರು ಮನೆ: ಚಪ್ಪಾಳೆ ಕಲಿಸುವ ಕೆಲಸ ಎಲ್ಲಿಗೆ ಬಂತು

ಇಬ್ಬರು ಬರೀ ಚಪ್ಪಾಳೆಯಲ್ಲಿ ನುಡಿಸುವ ಹದಿಮೂರು ಸಾಲಿನ ಕೃತಿಯೊಂದನ್ನು ನಮ್ಮ ಮೃದಂಗ–ಚೆಲ್ಲೋ ಜೋಡಿ ಊರೂರಿನ ಕಮ್ಮಟಗಳಲ್ಲಿ ಗುಂಪುಗಳಿಗೆ ಕಲಿಸುತ್ತಿದೆ. ಅದರ ಎಂಟನೆಯ ಸಾಲಿನಿಂದ ಒಂಬತ್ತಕ್ಕೆ ದಾಟುವಾಗ ಈ ಸಲ ಯಾರೂ ಬೀಳಲಿಲ್ಲ! ಧಾರವಾಡದ ಕಮ್ಮಟದಲ್ಲಿ ಇಪ್ಪತ್ತೆರಡು ಜನ ಎರಡು ಗುಂಪಾಗಿ ಒಂದೇ ಉಸಿರಿಗೆ ಆಚೆ ದಡ ಸೇರಿದರು. ಮಂಗಳೂರಿನಲ್ಲೂ ಮೈಸೂರಿನಲ್ಲೂ ಪ್ರತಿ ಸಲ ಗುಂಪು ಚೆಲ್ಲಾಪಿಲ್ಲಿಯಾದದ್ದು ಇದೇ ಜಾಗದಲ್ಲಿ. ಹಾಗಾಗಿ ಪ್ರಯಾಣ, ಕಾರ್ಯಕ್ರಮದ ಪಟ್ಟಿ, ಮಿಕ್ಕ ಕೃತಿಗಳ ಅಭ್ಯಾಸ ಎಲ್ಲ ಬದಿಗಿಟ್ಟು ಈ ಟಿಪ್ಪಣಿಯನ್ನು ಆ ಒಂದು ದಾಟಿಗೇ ಕೊಡುತ್ತಿದ್ದೇವೆ.

ಕೃತಿ ಅಮೆರಿಕದ ಸಂಗೀತಗಾರ ಸ್ಟೀವ್ ರೈಶ್ ಅವರ ‘ಕ್ಲ್ಯಾಪಿಂಗ್ ಮ್ಯೂಸಿಕ್’, 1972ರದು. ಹೊಸ ಸಂಗೀತ ನುಡಿಸುವ ಜೋಡಿಗಳಿಗೆ ಇದರ ಪರಿಚಯ ಬೇಕಿಲ್ಲ. 12 ಮಾತ್ರೆ, ಅಂದರೆ ಒಂದೇ ಅಳತೆಯ 12 ಚಿಕ್ಕ ತುಣುಕು, ಅದರಲ್ಲಿ ಎಂಟು ಚಪ್ಪಾಳೆ, ನಾಲ್ಕು ಬಿಡುವು. ಈ ಹನ್ನೆರಡರ ಒಂದು ಸುತ್ತೇ ಒಂದು ಆವರ್ತ. ಮೊದಲನೆಯವರು ಕೊನೆಯತನಕ ಅದನ್ನೇ ಹಿಡಿದಿರುತ್ತಾರೆ. ಎರಡನೆಯವರು ಪ್ರತಿ 12 ಆವರ್ತಕ್ಕೊಮ್ಮೆ ಒಂದು ಮಾತ್ರೆ ಮುಂದಕ್ಕೆ ಜಾರುತ್ತಾರೆ, ಒಂದೊಂದು ಜಾರಿಗೂ ಒಂದು ಹೊಸ ಸಾಲು. ಹನ್ನೆರಡು ಜಾರು ಮುಗಿದು ಹದಿಮೂರನೆಯ ಸಾಲಿಗೆ ಬಂದಾಗ ಇಬ್ಬರದೂ ಮತ್ತೆ ಒಂದೇ. ಮೃದಂಗ, ಚೆಲ್ಲೋ ಎರಡನ್ನೂ ರೈಲಿನಲ್ಲಿ ಕಾಪಾಡಿಕೊಂಡು ಹೋಗುವ ಜೋಡಿಗೆ, ಸಾಮಾನೇ ಬೇಡದ ಇಂಥ ಕೃತಿ ಪಟ್ಟಿಯಲ್ಲಿ ಒಂದಿದ್ದರೆ ಎಷ್ಟು ಹಗುರ ಎಂಬುದು ಊರೂರು ತಿರುಗುವವರಿಗೆಲ್ಲ ಗೊತ್ತು. ಕಮ್ಮಟಕ್ಕಂತೂ ಹೇಳಿ ಮಾಡಿಸಿದ ಹಾಗಿದೆ, ಕೈ ಎಲ್ಲರಿಗೂ ಇದೆ.

ಮೂಲ ಸಾಲನ್ನು ತಿಶ್ರ ನಡೆಯಲ್ಲಿ, ಅಂದರೆ ಎಣಿಕೆಗೆ ಮೂರು ಮಾತ್ರೆಯಂತೆ ಬರೆದರೆ ಹೀಗೆ (ಒಂದೊಂದು ಅಕ್ಷರ ಒಂದು ಚಪ್ಪಾಳೆ, ಗೆರೆ ಇದ್ದಲ್ಲಿ ಬಿಡುವು):

ತಕಿಟ | –ತಕ | –ತ– | ತಕ–

ನಮ್ಮ ವೇಗ ನಿಮಿಷಕ್ಕೆ 112 ಎಣಿಕೆ, ಎಣಿಕೆಗೆ ಮೂರು ಮಾತ್ರೆ. ಅಂದರೆ ಒಂದು ಮಾತ್ರೆಗೆ ಸುಮಾರು 179 ಮಿಲಿಸೆಕೆಂಡು. 13 ಸಾಲು, ಸಾಲಿಗೆ 12 ಆವರ್ತ ಎಂದರೆ 156 ಆವರ್ತ, ಐದೂವರೆ ನಿಮಿಷ, ಒಬ್ಬೊಬ್ಬರಿಗೂ 1248 ಚಪ್ಪಾಳೆ. ಅಭ್ಯಾಸದಲ್ಲಿ ಸತತ ಇಪ್ಪತ್ತು ನಿಮಿಷ ದಾಟಬೇಡಿ. ಅಂಗೈ ಉರಿಯಲು ಶುರುವಾದರೆ ಕೈ ತಾನಾಗಿ ಮೆತ್ತಗಾಗುತ್ತದೆ, ಮೆತ್ತಗಾದ ಕೈ ತಡವಾಗಿ ಬೀಳುತ್ತದೆ. ಮಿಕ್ಕ ಹೊತ್ತು ತೊಡೆಯ ಮೇಲೆ ತಟ್ಟಿದರೆ ಸಾಕು.

ಈಗ ದಾಟಿನ ವಿಷಯ. ಪ್ರತಿ ಜಾರಿನಲ್ಲೂ ಎರಡನೆಯವರು ಮಾಡುವುದು ಇಷ್ಟೇ: ಆಗ ನುಡಿಸುತ್ತಿರುವ ಸಾಲಿನ ಮೊದಲ ಮಾತ್ರೆಯನ್ನು ನುಂಗಿಬಿಡುವುದು. ಹನ್ನೆರಡು ಜಾರುಗಳಲ್ಲಿ ಎಂಟು ಕಡೆ ನುಂಗುವುದು ಚಪ್ಪಾಳೆಯನ್ನು, ನಾಲ್ಕು ಕಡೆ ಬಿಡುವನ್ನು. ಬಿಡುವು ನುಂಗಿದಲ್ಲೆಲ್ಲ ಅಕ್ಕಪಕ್ಕದ ಚಪ್ಪಾಳೆಗಳು ಅಂಟಿಕೊಳ್ಳುತ್ತವೆ. 7ರಿಂದ 8ಕ್ಕೆ, 9ರಿಂದ 10ಕ್ಕೆ ಹೋಗುವಾಗ ಮೂರು ಚಪ್ಪಾಳೆ ಸೇರುತ್ತವೆ. ಮೂಲದಲ್ಲೇ ತಕಿಟ ಇರುವುದರಿಂದ ಅದೇನೂ ತೊಂದರೆ ಕೊಡುವುದಿಲ್ಲ. 4ರಿಂದ 5ಕ್ಕೆ, 12ರಿಂದ 13ಕ್ಕೆ ಐದು ಸೇರುತ್ತವೆ. ಅಲ್ಲಿ ಕೈ ಓಡುತ್ತದೆ, ಆದರೆ ನಿಲ್ಲುವುದಿಲ್ಲ.

ನಿಲ್ಲುವುದು 8ರಿಂದ 9ಕ್ಕೆ. ಅಲ್ಲಿ ನುಂಗುವುದು ಒಂಟಿ ಚಪ್ಪಾಳೆ. ಮೂಲ ಸಾಲಿನಲ್ಲಿ ಎರಡೂ ಬದಿಗೆ ಬಿಡುವಿರುವ ಚಪ್ಪಾಳೆ ಅದೊಂದೇ. ಅದು ಹೋದರೆ ಆ ಎರಡು ಬಿಡುವುಗಳು ಒಂದಕ್ಕೊಂದು ತಗಲುತ್ತವೆ. ಇಡೀ ಕೃತಿಯಲ್ಲಿ ಎರಡನೆಯವರ ಕೈ ಸತತ ಎರಡು ಮಾತ್ರೆ ಖಾಲಿ ಇರುವುದು ಇಲ್ಲಿ ಮಾತ್ರ, ಅದೂ ಎರಡನೆಯ ಖಾಲಿ ಸರಿಯಾಗಿ ಸಮದ (ಆವರ್ತದ ಮೊದಲ ಮಾತ್ರೆಯ) ಮೇಲೆ. ಒಂದು ಕ್ಷಣ ಕೈ ನಿಂತರೆ ಕಿವಿ ಎದುರು ಗುಂಪಿನ ಸಾಲಿಗೆ ವಾಲುತ್ತದೆ. ಮೊದಲ ಗುಂಪಿನ ತಕಿಟಕ್ಕೆ ಅಯಸ್ಕಾಂತದ ಗುಣ. ಒಬ್ಬರು ಹೋದರೆ ಪಕ್ಕದವರೂ ಹೋಗುತ್ತಾರೆ, ಎರಡು ಆವರ್ತದೊಳಗೆ ಇಡೀ ಕೋಣೆ ಮೊದಲ ಸಾಲನ್ನೇ ತಟ್ಟುತ್ತಿರುತ್ತದೆ.

ಮೊದಲು ಹಿಡಿದ ದಾರಿ: ‘ಅದೇ ಜತಿ, ಒಂದು ಮಾತ್ರೆ ಮುಂಚೆ ಎತ್ತಿಕೊಳ್ಳಿ’ ಎನ್ನುವುದು. ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಬದಲಿಸಿ ಹಾಡಿ ಅಭ್ಯಾಸವಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತದೆ, ಅದೇ ಅಪಾಯ. ಹಾಗೆ ಕಲಿತವರು ತಕಿಟವನ್ನೇ ಸಮ ಎಂದು ಹಿಡಿದು, ಸಮವನ್ನೇ ಹೊತ್ತುಕೊಂಡು ಜಾರುತ್ತಾರೆ. ಸ್ವರಲಿಪಿಯ ಸೂಚನೆ ಇದಕ್ಕೆ ತೀರ ವಿರುದ್ಧ: ಎರಡನೆಯವರ ಸಮ ಬರೆದ ಜಾಗದಲ್ಲೇ, ಅಂದರೆ ಆವರ್ತದ ಮೊದಲ ಮಾತ್ರೆಯಲ್ಲೇ ಇರಬೇಕು, ಮೂರು ಚಪ್ಪಾಳೆಯ ಗುಂಪಿನ ಬೆನ್ನು ಹತ್ತಬಾರದು. ಸಮ ಜಾರಿದರೆ ಆವರ್ತದ ಎಣಿಕೆಯೂ ಜಾರುತ್ತದೆ. ಆರನೆಯ ಸಾಲಿನ ಹೊತ್ತಿಗೆ ಯಾರಿಗೂ ತಾವು ಎಲ್ಲಿದ್ದೇವೆಂದು ತಿಳಿಯುವುದಿಲ್ಲ.

ಎರಡನೆಯ ದಾರಿ, ಹನ್ನೊಂದನೆಯ ಆವರ್ತದಲ್ಲಿ ತಲೆಯಾಡಿಸಿ ಸನ್ನೆ ಕೊಡುವುದು. ವೇದಿಕೆಯಲ್ಲಿ ಇಬ್ಬರೇ ಇದ್ದಾಗ ಇದು ಚೆನ್ನಾಗಿ ನಡೆಯುತ್ತದೆ, ಈಗಲೂ ಅದನ್ನೇ ಮಾಡುತ್ತೇವೆ. ಹನ್ನೊಂದು ಜನರ ಗುಂಪಿಗೆ ಸನ್ನೆ ಯಾವಾಗ ಜಾರಬೇಕೆಂದು ಹೇಳುತ್ತದೆಯೇ ಹೊರತು ಎಲ್ಲಿಗೆ ಎಂದು ಹೇಳುವುದಿಲ್ಲ.

ಮೂರನೆಯದು, ಹದಿಮೂರು ಸಾಲನ್ನೂ ಹಲಗೆಯ ಮೇಲೆ ಬರೆದು ಉರು ಹೊಡೆಸುವುದು. ಮೈಸೂರಿನಲ್ಲಿ ಮೃದಂಗ ಮತ್ತು ಗಾಯನದ ವಿದ್ಯಾರ್ಥಿಗಳು 12 ಕಂಡ ಕೂಡಲೇ ರೂಪಕ ತಾಳದ ಕೈ ಹಿಡಿದರು, ಮೂರು ಎಣಿಕೆ, ಎಣಿಕೆಗೆ ನಾಲ್ಕು. ಧಾರವಾಡದ ತಬಲಾ ವಿದ್ಯಾರ್ಥಿಗಳಿಗೆ 12 ಎಂದರೆ ಏಕತಾಲ್, ಎರಡೆರಡರ ಆರು ವಿಭಾಗ. ಎರಡೂ ಲೆಕ್ಕ ಸರಿಯೇ. ಆದರೆ ನಾಲ್ಕರ ಕಟ್ಟಿನಲ್ಲಾಗಲಿ ಎರಡರ ಕಟ್ಟಿನಲ್ಲಾಗಲಿ ಹದಿಮೂರು ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಕಾಣುತ್ತವೆ. ಉರು ಹೊಡೆದದ್ದು ಒಂದು ಗಂಟೆ ನಿಲ್ಲುತ್ತದೆ, ಚಹಾ ಕುಡಿದು ಬರುವಷ್ಟರಲ್ಲಿ ಹೋಗುತ್ತದೆ.

ಗಂಟು ಬಿಚ್ಚಿದ್ದು ಅದೇ ಹಲಗೆಯನ್ನು ಒರೆಸಿ ಮೂರು ಮೂರರಂತೆ ಬರೆದಾಗ. ಮೊದಲಿಗೆ, ಮೂರು ಜಾರು ಎಂದರೆ ಸರಿಯಾಗಿ ಒಂದು ಎಣಿಕೆ. ಹಾಗಾಗಿ 1, 4, 7, 10ನೆಯ ಸಾಲುಗಳಲ್ಲಿ ಇರುವುದು ಮೂಲದ ನಾಲ್ಕು ತುಂಡುಗಳೇ, ಶುರುವಾಗುವ ಎಣಿಕೆ ಮಾತ್ರ ಬೇರೆ. ಇದು ನಿರೀಕ್ಷಿತ. ಬೆರಗಾದದ್ದು ಉಳಿದ ಎಂಟು ಸಾಲುಗಳನ್ನು ನೋಡಿ. ಅವುಗಳ ಪ್ರತಿ ಎಣಿಕೆಯಲ್ಲೂ ಎರಡೇ ಚಪ್ಪಾಳೆ, ಒಂದೇ ಬಿಡುವು. ಅಂದರೆ ಮೂರೇ ತುಂಡು: ತಕ–, ತ–ಕ, –ತಕ. ಅಷ್ಟೇ ಅಲ್ಲ, ಒಂದೊಂದು ಸಾಲಿನಲ್ಲೂ ಈ ಮೂರರಲ್ಲಿ ಎರಡೇ ಬರುತ್ತವೆ.

2: ತಕ– ತಕ– ತ–ಕ ತ–ಕ
5: ತಕ– ತ–ಕ ತ–ಕ ತಕ–
8: ತ–ಕ ತ–ಕ ತಕ– ತಕ–
11: ತ–ಕ ತಕ– ತಕ– ತ–ಕ

3: ತ–ಕ ತ–ಕ –ತಕ –ತಕ
6: ತ–ಕ –ತಕ –ತಕ ತ–ಕ
9: –ತಕ –ತಕ ತ–ಕ ತ–ಕ
12: –ತಕ ತ–ಕ ತ–ಕ –ತಕ

ಇವನ್ನು ನಾವು ಮನೆ ಎಂದು ಕರೆಯುತ್ತೇವೆ. ಮೂಲದ್ದು ಒಂದನೆಯ ಮನೆ, 2–5–8–11 ಎರಡನೆಯದು, 3–6–9–12 ಮೂರನೆಯದು. ಹದಿಮೂರು ಸಾಲು ಕಲಿಯುವ ಬದಲು ಮೂರನ್ನು ಕಲಿತು, ಒಂದೊಂದಕ್ಕೂ ನಾಲ್ಕು ಬಾಗಿಲಿನಿಂದ ಒಳಹೋಗುವುದನ್ನು ಅಭ್ಯಾಸ ಮಾಡಿದರೆ ಆಯಿತು.

ಇನ್ನೂ ಸೊಗಸಾದದ್ದು ಎರಡನೆಯ ಮನೆಯಿಂದ ಮೂರನೆಯ ಮನೆಗೆ ಹೋಗುವ ದಾರಿ. ಅಲ್ಲಿ ಮಾತ್ರೆ ನುಂಗುವ ಲೆಕ್ಕವೇ ಬೇಡ. ತಕ– ಇದ್ದಲ್ಲಿ ತ–ಕ ಹೇಳಿ, ತ–ಕ ಇದ್ದಲ್ಲಿ –ತಕ ಹೇಳಿ. 2ರಿಂದ 3, 5ರಿಂದ 6, 8ರಿಂದ 9, 11ರಿಂದ 12, ನಾಲ್ಕಕ್ಕೂ ಇದೇ ಸೂತ್ರ. ಎಲ್ಲರೂ ಬೀಳುತ್ತಿದ್ದ ದಾಟು ಈಗ ಹೀಗೆ ಕೇಳಿಸುತ್ತದೆ:

ತ–ಕ ತ–ಕ ತಕ– ತಕ– ‖ –ತಕ –ತಕ ತ–ಕ ತ–ಕ

ಎರಡು ಬಿಡುವು ಈಗಲೂ ಒತ್ತಟ್ಟಿಗೇ ಇವೆ. ಆದರೆ ಒಂದು ಹಿಂದಿನ ಎಣಿಕೆಯ ಬಾಲ, ಇನ್ನೊಂದು ಮುಂದಿನ ಎಣಿಕೆಯ ತಲೆ. ನಡುವೆ ಕಾಲಿನ ತಟ್ಟು ಇರುವುದರಿಂದ ಕೈಗೆ ಗುಂಡಿ ಕಾಣುವುದಿಲ್ಲ.

ಕಲಿಸುವ ಕ್ರಮವನ್ನೂ ಬದಲಿಸಿದೆವು. ಮೊದಲ ಇಪ್ಪತ್ತೈದು ನಿಮಿಷ ಚಪ್ಪಾಳೆಯೇ ಇಲ್ಲ, ಬಾಯಿಯಲ್ಲಿ ಸೊಲ್ಕಟ್ಟು (ಲಯದ ಸೊಲ್ಲುಗಳು), ಕಾಲಿನಲ್ಲಿ ಎಣಿಕೆ. ಬಿಡುವಿನ ಜಾಗದಲ್ಲಿ ತುಟಿ ಮುಚ್ಚಿ ‘ಮ್’ ಎನ್ನಿಸುತ್ತೇವೆ: ತಕಮ್, ತಮ್‌ಕ, ಮ್‌ತಕ. ಬಿಡುವಿಗೂ ಒಂದು ಸದ್ದು ಸಿಕ್ಕರೆ ಅದರ ಅಳತೆ ಕುಗ್ಗುವುದಿಲ್ಲ. ನಿಮಿಷಕ್ಕೆ 60 ಎಣಿಕೆಯಲ್ಲಿ ಶುರುಮಾಡಿ 80, 96, ಕೊನೆಗೆ 112. ಮೆಟ್ರೋನೋಮ್ ಎಣಿಕೆಗೆ ಒಂದೇ ಸಲ ಬಡಿಯಲಿ, ಒಳಗಿನ ಮೂರು ಮಾತ್ರೆಗಳನ್ನು ಅದಕ್ಕೆ ಒಪ್ಪಿಸಿದರೆ ವಿದ್ಯಾರ್ಥಿಗಳು ಅದರ ಬೆನ್ನಿಗೆ ಬೀಳುತ್ತಾರೆ. ಆಮೇಲೆ ದಾಟುಗಳು. ಎರಡು ಸಾಲನ್ನು ಸೇರಿಸಿ 24 ಮಾತ್ರೆಯ ಒಂದೇ ಆವರ್ತ ಮಾಡಿ ತಿರುಗಿಸುತ್ತೇವೆ. ಮೊದಲು 8–9, ನಂತರ 12–13, ನಂತರ 4–5, ಮಿಕ್ಕವು ಹೆಚ್ಚು ಹೊತ್ತು ಕೇಳುವುದಿಲ್ಲ. ಎದುರು ಗುಂಪನ್ನು ಸೇರಿಸುವುದು ಕಟ್ಟಕಡೆಗೆ. ಕಮ್ಮಟದಲ್ಲಿ ಸಾಲಿಗೆ 12ರ ಬದಲು ಎಂಟೇ ಆವರ್ತ ಸಾಕು, ಎಂಟನ್ನು ಆದಿತಾಳದ ಬೆರಳೆಣಿಕೆಯಂತೆ ಮನಸ್ಸಿನಲ್ಲೇ ಎಣಿಸಬಹುದು.

ಒಂದು ಎಚ್ಚರಿಕೆ. ತಿಶ್ರದ ಆಸರೆ ಕಲಿಯುವ ತನಕ ಮಾತ್ರ. ಕಾಲು ಜೋರಾಗಿ ಬಿದ್ದರೆ ಕೇಳುವವರಿಗೂ ಅದೇ ನಾಲ್ಕು ಎಣಿಕೆ ಹೇರಿದಂತಾಗುತ್ತದೆ. ಸಮ ಎಲ್ಲಿದೆ ಎಂದು ಕಿವಿ ತಾನೇ ಹುಡುಕುತ್ತಾ ಹೋಗುವುದೇ ಈ ಕೃತಿಯ ಸುಖ, ಅದನ್ನು ನಾವೇ ಕೆಡಿಸಬಾರದು. ಚಪ್ಪಲಿ ಕಳಚಿ, ಹೆಬ್ಬೆರಳು ಮಾತ್ರ ಆಡಲಿ. ಯಾವ ಎಣಿಕೆಯ ಮೇಲೂ ಒತ್ತು ಬೇಡ.

ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಳ್ಳೆಯ ಉಪಾಯವೊಂದಿದೆ. 2, 7 ಮತ್ತು 12ನೆಯ ಸಾಲುಗಳಲ್ಲಿ ಇಬ್ಬರ ಬಿಡುವುಗಳು ಎಲ್ಲೂ ಒಂದರ ಮೇಲೊಂದು ಬೀಳುವುದಿಲ್ಲ. ನಾಲ್ಕು ಚಪ್ಪಾಳೆ ಜೊತೆಯಾಗಿ, ಎಂಟು ಬಿಡಿಯಾಗಿ ಬಿದ್ದು 12 ಮಾತ್ರೆಯೂ ತುಂಬಿರುತ್ತದೆ. ಏಳನೆಯ ಸಾಲಿನಲ್ಲಿ ಎಲ್ಲಾದರೂ ತೂತು ಕೇಳಿಸಿದರೆ ಯಾರೋ ತಪ್ಪಿದ್ದಾರೆ, ನಿಲ್ಲಿಸಿ. ಇನ್ನೊಂದು: ಏಳರ ನಂತರ ಹೊಸ ಒಟ್ಟು ಸದ್ದು ಹುಟ್ಟುವುದೇ ಇಲ್ಲ. 8ರಲ್ಲಿ ಕೇಳುವುದು 6ರದ್ದೇ, 9ರಲ್ಲಿ 5ರದ್ದೇ, ಇಬ್ಬರ ಪಾತ್ರ ಅದಲು ಬದಲಾಗಿ, ಶುರುವಿನ ಜಾಗ ಬೇರೆಯಾಗಿ. ಇದನ್ನು ಒಮ್ಮೆ ಧ್ವನಿಮುದ್ರಿಸಿ ಕೇಳಿಸಿದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಕೂರಿಸುವ ಬಗೆ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಎರಡು ಗುಂಪನ್ನು ಕೋಣೆಯ ಎರಡು ತುದಿಗೆ, ಹತ್ತು ಮೀಟರ್ ದೂರ ಇಟ್ಟರೆ ಸದ್ದು ತಲುಪಲು 29 ಮಿಲಿಸೆಕೆಂಡು ಬೇಕು, ಮಾತ್ರೆಯ ಆರನೆಯ ಒಂದು ಪಾಲು. ಎರಡೂ ಕಡೆಯವರು ಇನ್ನೊಬ್ಬರು ತಡವೆಂದು ಕಾಯುತ್ತಾ ವೇಗ ಎಳೆದು ಹೋಗುತ್ತದೆ. ಮೂರು ಮೀಟರ್ ಒಳಗೆ, ಎದುರು ಬದುರು ಎರಡು ಅರ್ಧಚಂದ್ರ ಮಾಡಿದರೆ ಚೆನ್ನ. ವೇದಿಕೆಯಲ್ಲಿ ನಾವಿಬ್ಬರು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

ಧ್ವನಿ ವ್ಯವಸ್ಥೆಯ ಬಗ್ಗೆ ದೂರು ಹೇಳಲೇಬೇಕು. 200 ಜನಕ್ಕಿಂತ ದೊಡ್ಡ ಸಭಾಂಗಣವಾದರೆ ತಲೆಯ ಮೇಲೆ ಒಂದೇ ಮೈಕು, ಇಲ್ಲವೇ ಎರಡು ಮೈಕು ಬೆರೆಸಿ ಮೋನೋ (ಎಡಬಲವಿಲ್ಲದ ಒಂದೇ ಸದ್ದು), ಎಲ್ಲ ಸ್ಪೀಕರಿಗೂ ಸಮನಾಗಿ ಎಂದು ಸ್ವರಲಿಪಿಯಲ್ಲೇ ಇದೆ. ಅದನ್ನೇ ಬರೆದು ಮೊದಲೇ ಕಳಿಸಿದ್ದರೂ ಒಂದೂರಿನ ಸೌಂಡಿನವರು ಎರಡು ಮೈಕು ತಂದು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹರಿಸಿದರು, ಮೇಲೆ ಮೆಲ್ಲಗಿನ ಸದ್ದನ್ನು ತಡೆಯುವ ಗೇಟ್ ಬೇರೆ ಹಾಕಿದ್ದರು. ಎಡಬಲ ಬೇರೆಯಾದರೆ ಒಟ್ಟು ಸದ್ದು ಹುಟ್ಟುವುದೇ ಇಲ್ಲ, ಇಬ್ಬರು ಬೇರೆ ಬೇರೆ ಚಪ್ಪಾಳೆ ತಟ್ಟುತ್ತಿದ್ದಾರೆ ಎಂದಷ್ಟೇ ಕೇಳುತ್ತದೆ. ಗೇಟ್ ಇದ್ದರೆ ಮೆಲ್ಲಗಿನ ಚಪ್ಪಾಳೆಯ ತಲೆ ಹಾರುತ್ತದೆ. ಈಗ ಸಣ್ಣ ಡಯಾಫ್ರಮ್ಮಿನ ಕಂಡೆನ್ಸರ್ ಮೈಕು ಒಂದನ್ನು ನಾವೇ ಒಯ್ಯುತ್ತೇವೆ. ಕೈಗಳಿಂದ ಒಂದು ಮೀಟರಿಗಿಂತ ತುಸು ಮೇಲೆ, ಮೈಕಿಗೆ ಬರುವ ಸದ್ದು ತಗ್ಗಿಸುವ 10 ಡೆಸಿಬೆಲ್ ಪ್ಯಾಡ್ ಹಾಕಿ, ಗೇಟ್, ಸದ್ದಿನ ಏರಿಳಿತ ಕುಗ್ಗಿಸುವ ಕಂಪ್ರೆಸರ್ ಎರಡೂ ಬಂದ್. ಪ್ರತಿಧ್ವನಿ ಹೆಚ್ಚಿರುವ ಕಡೆ ಬೆರಳನ್ನು ಅಂಗೈಗೆ ಹೊಡೆಯುವ ಚೂಪು ಚಪ್ಪಾಳೆ ಮತ್ತು 100 ಎಣಿಕೆಯ ವೇಗ, ಒಣ ಕೋಣೆಯಲ್ಲಿ ಬೊಗಸೆ ಚಪ್ಪಾಳೆ. ಯಾವುದೇ ಆಗಲಿ, ಇಬ್ಬರದೂ ಒಂದೇ ಬಣ್ಣದ್ದಾಗಿರಬೇಕು.

ಇದರ ನಡುವೆ ಮುಂದಿನ ಕೆಲಸ ಆಗಲೇ ತಲೆಗೆ ಹತ್ತಿದೆ. ಅದೇ ಸಂಗೀತಗಾರರ 1967ರ ‘ಪಿಯಾನೋ ಫೇಸ್’. ಅದರ ಮೊದಲ ಭಾಗವೂ 12 ಸ್ವರದ ಸುತ್ತು, ಆದರೆ ಅಲ್ಲಿ ಜಿಗಿತವಿಲ್ಲ, ಎರಡನೆಯವರು ಕೂದಲೆಳೆಯಷ್ಟು ವೇಗ ಹೆಚ್ಚಿಸಿ ನಿಧಾನವಾಗಿ ತೇಲಿ ಮುಂದೆ ಹೋಗಬೇಕು. ಇದನ್ನು ಎರಡು ಜಲತರಂಗದಲ್ಲಿ, ಅಂದರೆ ನೀರು ತುಂಬಿದ ಬಟ್ಟಲುಗಳ ವಾದ್ಯದಲ್ಲಿ ಮಾಡಿದರೆ? ಬೇಕಾದದ್ದು ಐದೇ ಸ್ವರ. ಮೊದಲ ಸ್ವರವನ್ನು ಷಡ್ಜ ಎಂದಿಟ್ಟುಕೊಂಡರೆ ‘ಸ ರಿ ಪ ದ ನಿ ರಿ ಸ ದ ಪ ರಿ ನಿ ದ’, ಸ್ವರದ ಬಗೆಯಲ್ಲಿ ರಿ ಮತ್ತು ದ ಚತುಶ್ರುತಿ, ನಿ ಕೈಶಿಕಿ. ಒಂದು ಕೈಗೆ ಸ ಪ ನಿ, ಇನ್ನೊಂದಕ್ಕೆ ರಿ ದ ಮಾತ್ರ ಬರುತ್ತವೆ, ಬಟ್ಟಲು ಜೋಡಿಸುವುದಕ್ಕೆ ಎಷ್ಟು ಅನುಕೂಲ ನೋಡಿ! ಒಂದು ಕೈ ಮೂರರ ಸುತ್ತು, ಇನ್ನೊಂದು ಎರಡರ ಸುತ್ತು. ತೊಡಕು ನೀರಿನದು. ದೀಪದ ಶಾಖಕ್ಕೆ ನೀರು ಆರಿದಷ್ಟೂ ಶ್ರುತಿ ಏರುತ್ತದೆ, ಎರಡು ಸೆಟ್ಟಿನಲ್ಲಿ ಒಂದೇ ಸಮ ಏರುವುದೂ ಇಲ್ಲ. ಬಟ್ಟಲು ಕಳಿಸಿದ ಅಂಗಡಿಯವರು ಒಡೆದ ಒಂದಕ್ಕೆ ಬದಲಾಗಿ ಬೇರೆ ದಪ್ಪದ್ದನ್ನು ಸೇರಿಸಿ ಸೆಟ್ ಪೂರ್ತಿ ಎಂದಿದ್ದಾರೆ. ಅದು ಎಷ್ಟು ನೀರು ತೆಗೆದರೂ ಧೈವತಕ್ಕೆ ಏರುತ್ತಿಲ್ಲ.

ಅದಕ್ಕೆ ಮೊದಲು ಉಡುಪಿಯ ಕಮ್ಮಟ ಇದೆ. ಅಲ್ಲಿ ಐದು ಚಪ್ಪಾಳೆ ಓಡುವುದನ್ನು ಹಿಡಿಯಬೇಕು. ಎರಡೂ ಕಡೆ ಐದಕ್ಷರದ ಸೊಲ್ಲು ತದಿಗಿಣತೊಂ ಹೇಳಿಸುವ ಯೋಚನೆ: 4ರಿಂದ 5ಕ್ಕೆ ‘ತದಿಗಿ ‖ ಣತೊಂ’, 12ರಿಂದ 13ಕ್ಕೆ ‘ತದಿ ‖ ಗಿಣತೊಂ’. ಎರಡನೆಯದರಲ್ಲಿ ಸಮ ಗಿ ಮೇಲೆ ಬೀಳುತ್ತದೆ, ಅಲ್ಲಿಂದಲೇ ಎದುರು ಗುಂಪಿನ ತಕಿಟವೂ ಶುರು. 80 ಎಣಿಕೆಯಲ್ಲಿ ಸರಿಯಾಗಿ ಕೂರುತ್ತಿದೆ, 112ರಲ್ಲಿ ಣ ಇನ್ನೂ ಮುಂಚೆ ಬೀಳುತ್ತಿದೆ.